‘ನಂಬರ್ 5’: ಒಂದು ಹಳೆಯ ರಿವಾಲ್ವರಿನ ಮರುಹುಟ್ಟು

ಅಮೆರಿಕದ ಕೋಲ್ಟ್ ಕಂಪನಿಯು 1873ರಲ್ಲಿ ಹೊರತಂದ ‘ಸಿಂಗಲ್ ಆಕ್ಷನ್ ಆರ್ಮಿ’ ರಿವಾಲ್ವರಿನಲ್ಲಿ ಪ್ರತಿ ಗುಂಡಿಗೂ ಮುನ್ನ ಹ್ಯಾಮರನ್ನು, ಎಂದರೆ ತೋಟಾದ ತಳಕ್ಕೆ ಪೆಟ್ಟುಕೊಡುವ ಪುಟ್ಟ ಸುತ್ತಿಗೆಯನ್ನು, ಹೆಬ್ಬೆರಳಿನಿಂದ ಹಿಂದಕ್ಕೆ ಎಳೆಯಬೇಕು. ಆಗ ಆರು ತೋಟಾಗಳ ಸಿಲಿಂಡರ್ ಒಂದು ಮನೆಯಷ್ಟು ತಿರುಗಿ ನಿಲ್ಲುತ್ತದೆ. ಈ ಏರ್ಪಾಡು ಸರಳವಾದದ್ದು, ಆದರೆ ದೋಷರಹಿತವಲ್ಲ. ಗುರಿ ನೋಡಲು ಚೌಕಟ್ಟಿನ ನೆತ್ತಿಯಲ್ಲಿ ಕೊರೆದ ತೋಡೊಂದೇ ಗತಿ, ಅದನ್ನು ಸರಿಹೊಂದಿಸುವ ಉಪಾಯವಿಲ್ಲ. ಆರೂ ಮನೆ ತುಂಬಿದರೆ ಹ್ಯಾಮರಿಗೆ ಬಿದ್ದ ಪೆಟ್ಟಿನಿಂದ ಗುಂಡು ಹಾರುವ ಭಯವಿದ್ದುದರಿಂದ, ಬಲ್ಲವರು ಐದನ್ನೇ ತುಂಬಿ, ಹ್ಯಾಮರನ್ನು ಬರಿದಾದ ಮನೆಯ ಮೇಲೆ ಇಳಿಸಿಡುತ್ತಿದ್ದರು.

ದನಗಾಹಿಯೂ ಬೇಟೆಯ ಮಾರ್ಗದರ್ಶಿಯೂ ಬರಹಗಾರನೂ ಆಗಿದ್ದ ಎಲ್ಮರ್ ಕೀತ್‌ಗೆ (1899–1984) ಇನ್ನೂ ದೊಡ್ಡ ದೋಷವೊಂದು 1925ರಲ್ಲಿ ಕಂಡಿತು. ಅವನು ತುಸು ಹೆಚ್ಚೇ ಬಿರುಸಾಗಿ ತುಂಬಿದ್ದ .45 ಕೋಲ್ಟ್ ತೋಟಾದ ಒತ್ತಡಕ್ಕೆ ಸಿಲಿಂಡರ್ ಒಡೆದುಹೋಯಿತು. ಅದೇ ಗಾತ್ರದ ಸಿಲಿಂಡರಿನಲ್ಲಿ ಕಿರಿದಾದ ರಂಧ್ರ ಕೊರೆದರೆ ಸುತ್ತಲಿನ ಗೋಡೆ ದಪ್ಪವಾಗಿ ಉಳಿಯುತ್ತದೆಂಬ ಲೆಕ್ಕದ ಮೇಲೆ ಅವನು .44 ಸ್ಪೆಷಲ್ ತೋಟಾಕ್ಕೆ ಹೊರಳಿದನು.

1927ರಲ್ಲಿ ಪೆನ್ಸಿಲ್ವೇನಿಯಾದ ಹೆರಾಲ್ಡ್ ಕ್ರಾಫ್ಟ್ ಎಂಬ ಆಸಕ್ತನು ತಾನು ಮಾರ್ಪಾಡು ಮಾಡಿಸಿದ ರಿವಾಲ್ವರುಗಳನ್ನು ಹೊತ್ತು, ಆರೆಗಾನ್‌ನಲ್ಲಿದ್ದ ಕೀತ್‌ನ ಮನೆಗೆ ಬಂದನು. ಕ್ರಾಫ್ಟ್‌ನ ಮಾದರಿಗಳಿಗೆ ಒಂದರಿಂದ ನಾಲ್ಕರವರೆಗೆ ಸಂಖ್ಯೆಗಳಿದ್ದವು. ಇಬ್ಬರ ವಿಚಾರವಿನಿಮಯದಿಂದಲೂ ಸೆಜ್ಲಿ, ಹೌಚಿನ್ಸ್, ಓಮಾರಾ ಎಂಬ ಕುಶಲಕರ್ಮಿಗಳ ಕೈಚಳಕದಿಂದಲೂ ಕೀತ್‌ಗಾಗಿ ರೂಪುಗೊಂಡದ್ದು ಐದನೆಯದಾಯಿತು. ನೆತ್ತಿ ಚಪ್ಪಟೆಯಾದ ಚೌಕಟ್ಟು, ಸರಿಹೊಂದಿಸಬಹುದಾದ ಗುರಿಪಟ್ಟಿ, ಐದೂವರೆ ಅಂಗುಲದ ನಳಿಕೆ ಇವು ಮೊದಲ ನೋಟಕ್ಕೇ ಕಾಣುವ ಅಂಶಗಳು. ಜಾಣ್ಮೆ ಇರುವುದು ಕಾಣದ ಕಡೆ. ಸಿಲಿಂಡರ್ ಸುತ್ತುವ ಅಚ್ಚಿನ ಕಡ್ಡಿಯು ಗುಂಡಿನ ಹಿಂದೊದೆತಕ್ಕೆ ಜಾರಿ ಮುಂದೆ ಬರುವುದುಂಟು. ಅದನ್ನು ಬಿಗಿಹಿಡಿಯಲು ಇಲ್ಲಿ ಸನ್ನೆಯಂತೆ ತಿರುಗುವ ಅಗುಳಿಯೊಂದನ್ನು ಜೋಡಿಸಲಾಯಿತು. ಹಿಡಿಗೆ, ಇಂಗ್ಲೆಂಡಿನ ಗುರಿಯ ಮೈದಾನದ ಹೆಸರು ಹೊತ್ತ ಕೋಲ್ಟ್‌ನ ‘ಬಿಸ್ಲಿ’ ಮಾದರಿಯಿಂದ ಬೆನ್ನಪಟ್ಟಿಯನ್ನೂ ಮೂಲ ಮಾದರಿಯಿಂದ ಮುಂಭಾಗವನ್ನೂ ತೆಗೆದು ಬೆಸೆಯಲಾಯಿತು. ಹಳೆಯ ಹಿಡಿಯು ಒದೆತಕ್ಕೆ ಅಂಗೈಯಲ್ಲಿ ಉರುಳುತ್ತಿತ್ತು, ಬಿಸ್ಲಿಯದು ಹೆಚ್ಚು ನೆಟ್ಟಗಿತ್ತು. ಇವೆರಡರ ನಡುವಣ ಬಾಗನ್ನು ಕಂಡುಕೊಂಡದ್ದೇ ಈ ಕೃತಿಯ ನಿಜವಾದ ಸೊಗಸು.

ಕೆತ್ತನೆಯಿರುವ ಆನೆದಂತದ ಹಿಡಿಯನ್ನೂ ಉಕ್ಕಿನ ಮೇಲಣ ಬಳ್ಳಿಚಿತ್ರವನ್ನೂ ಮಾತ್ರ ಅಷ್ಟೇ ಮನಸಾರೆ ಹೊಗಳಲಾಗದು: ಮಳೆ ಕೆಸರಿನಲ್ಲಿ ಒರೆಯೊಳಗಿದ್ದು ತಿರುಗುವ ಆಯುಧಕ್ಕೆ ಅವು ಹೊರೆ, ಮತ್ತು ದಂತವನ್ನು ಕಾಣುವ ಇಂದಿನ ಕಣ್ಣೂ ಬೇರೆ.

1929ರ ಏಪ್ರಿಲಿನ ‘ಅಮೆರಿಕನ್ ರೈಫಲ್‌ಮನ್’ ಪತ್ರಿಕೆಯಲ್ಲಿ ಕೀತ್ ಈ ರಿವಾಲ್ವರಿನ ಬಗ್ಗೆ ಬರೆದ ಲೇಖನಕ್ಕೆ ‘ದ ಲಾಸ್ಟ್ ವರ್ಡ್’, ಎಂದರೆ ಕೊನೆಯ ಮಾತು, ಎಂಬ ಹೆಸರಿತ್ತು. ಮಾತು ಅಲ್ಲಿಗೆ ಮುಗಿಯಲಿಲ್ಲ. .44 ಸ್ಪೆಷಲ್ ತೋಟಾವನ್ನು ಬಿರುಸುಗೊಳಿಸುತ್ತ ಅವನು ದಶಕಗಳ ಕಾಲ ನಡೆಸಿದ ಪ್ರಯೋಗ ಹಾಗೂ ಒತ್ತಾಯಗಳ ಫಲವಾಗಿ, 1955ರ ಕೊನೆಯ ಹೊತ್ತಿಗೆ .44 ಮ್ಯಾಗ್ನಮ್ ಎಂಬ ಹೆಚ್ಚು ಬಲದ ತೋಟಾ ಬಂದಿತು. ಹಳೆಯ ರಿವಾಲ್ವರುಗಳಲ್ಲಿ ಯಾರೂ ಅದನ್ನು ತುಂಬಬಾರದೆಂದು ಅದರ ಕೋಶವನ್ನು ಅಂಗುಲದ ಎಂಟನೆಯ ಒಂದು ಭಾಗದಷ್ಟು ಉದ್ದವಾಗಿ ಮಾಡಲಾಗಿತ್ತು. ಆದ್ದರಿಂದ ‘ನಂಬರ್ 5’ರ ಸಿಲಿಂಡರಿನಲ್ಲಿ ಅದು ಹಿಡಿಸುವುದಿಲ್ಲ.