ಸಮವಸ್ತ್ರದಾಚೆಗೆ ದಾದಿಯ ಗುರುತು



ತಿರುಮಕೂಡಲು ನರಸೀಪುರ ತಾಲ್ಲೂಕಿನ ಮೂಗೂರು ನಿಮ್ಮಲ್ಲಿ ಹಲವರಿಗೆ ತ್ರಿಪುರಸುಂದರಿ ಅಮ್ಮನವರ ದೇವಾಲಯದಿಂದಲೂ ಜಾತ್ರೆಯಿಂದಲೂ ಪರಿಚಿತವಾದ ಊರು. ಅಂಥ ಊರಿನಲ್ಲಿ ನರ್ಸಮ್ಮ ಯಾರೆಂದು ಯಾರೂ ವಿಚಾರಿಸಬೇಕಾಗಿಲ್ಲ. ಅವರು ಅಂಗಡಿಯಲ್ಲಿ ಬೇಳೆ ಕೊಳ್ಳುತ್ತಿರಲಿ, ಜಾತ್ರೆಯಲ್ಲಿ ಮಗುವಿನ ಕೈ ಹಿಡಿದು ತೇರು ನೋಡುತ್ತಿರಲಿ, ಜನ ಗುರುತಿಸುತ್ತಾರೆ. ಅದೇ ನರ್ಸಮ್ಮ ಬಸ್ಸು ಹತ್ತಿ ಮೈಸೂರಿನಲ್ಲಿ ಇಳಿದರೆ ಸಾವಿರಾರು ಜನರಲ್ಲಿ ಒಬ್ಬರು. ಅವರ ವೃತ್ತಿ ಅಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗಬೇಕೆ? ಕೆಲಸ ಮುಗಿಸಿ ಹೊರಬಂದ ದಾದಿ ತನ್ನ ವೃತ್ತಿಯನ್ನು ನಾಲ್ಕು ಜನರಿಗೆ ಕಾಣುವಂತೆ ಧರಿಸಬೇಕೆ, ಇಲ್ಲವೇ ಆಸ್ಪತ್ರೆಯ ಬಾಗಿಲಲ್ಲೇ ಬಿಟ್ಟು ಬರಬೇಕೆ? ಇಂದು ನಾವು ವಿಚಾರ ಮಾಡಬೇಕಾದ ಪ್ರಶ್ನೆ ಇದು.

ಮೇಲ್ನೋಟಕ್ಕೆ ಇದು ಚಿಕ್ಕ ಪ್ರಶ್ನೆ. ಆದರೆ ನಿಮ್ಮಲ್ಲಿ ಕೆಲವರ ತಾಯಿ, ಅಕ್ಕ ಅಥವಾ ಅಣ್ಣ ಈ ವೃತ್ತಿಯಲ್ಲಿದ್ದಾರೆ. ಇನ್ನು ಕೆಲವರು ನಾಳೆ ಈ ವೃತ್ತಿಗೆ ಸೇರುವವರು. ಅವರ ಮಾನ, ಸುರಕ್ಷತೆ, ವಿಶ್ರಾಂತಿ ಎಲ್ಲವೂ ಈ ಪ್ರಶ್ನೆಯೊಂದಿಗೆ ಹೆಣೆದುಕೊಂಡಿವೆ. ವೃತ್ತಿಯನ್ನು ತೋರಿಸಿಕೊಳ್ಳುವ ಮಾರ್ಗಗಳು ಮುಖ್ಯವಾಗಿ ಮೂರು: ಉಡುಪು, ಚಿಹ್ನೆ ಮತ್ತು ಮಾತು. ಒಂದೊಂದಾಗಿ ನೋಡೋಣ.

ಮೊದಲನೆಯದು ಉಡುಪು. ಹಿಂದೆ ಬಿಳಿ ಸೀರೆ, ತಲೆಯ ಮೇಲೆ ಗಂಜಿ ಹಾಕಿದ ಟೋಪಿ ದಾದಿಯ ಗುರುತಾಗಿದ್ದವು. ಈಗ ಬಹಳಷ್ಟು ಆಸ್ಪತ್ರೆಗಳಲ್ಲಿ ಬಣ್ಣದ ಚೂಡಿದಾರ್ ಅಥವಾ ಷರ್ಟು-ಪ್ಯಾಂಟು ಬಂದಿವೆ. ಈ ಉಡುಪಿನಲ್ಲೇ ಬಸ್ಸಿನಲ್ಲಿ ಓಡಾಡಬಹುದೆ? ಬಟ್ಟೆಯ ಮೇಲೆ ರೋಗಾಣುಗಳು ಕೆಲವು ಕಾಲ ಜೀವಂತವಾಗಿ ಉಳಿಯಬಲ್ಲವು ಎಂಬುದು ಪ್ರಯೋಗಗಳಿಂದ ತಿಳಿದ ಸಂಗತಿ. ಹಾಗೆಂದು ದಾದಿಯ ಸಮವಸ್ತ್ರದಿಂದಲೇ ಬಸ್ಸಿನಲ್ಲಿ ರೋಗ ಹರಡುತ್ತದೆಂದು ಹೆದರಿಸುವುದೂ ತಪ್ಪು. ಬ್ರಿಟನ್ನಿನ ಆರೋಗ್ಯ ಇಲಾಖೆ 2007ರಲ್ಲಿ ಈ ವಿಷಯವನ್ನು ಪರಿಶೀಲಿಸಿದಾಗ, ಸಮವಸ್ತ್ರ ಸೋಂಕನ್ನು ಗಣನೀಯವಾಗಿ ಹರಡುತ್ತದೆ ಎನ್ನಲು ನಿರ್ಣಾಯಕ ಸಾಕ್ಷ್ಯ ದೊರೆಯಲಿಲ್ಲ. ಆದರೂ ಆಸ್ಪತ್ರೆಯ ಉಡುಪು ಬೀದಿಯಲ್ಲಿ ಕಂಡರೆ ಜನರ ವಿಶ್ವಾಸ ಕುಂದುತ್ತದೆಂದು, ಬಟ್ಟೆ ಬದಲಾಯಿಸಿಯೇ ಹೊರಡುವುದು ಲೇಸೆಂದು ಅದು ಸಲಹೆ ನೀಡಿತು. ರೋಗಿಯ ಬಳಿಗೆ ಬೀದಿಯ ಧೂಳು ಹೋಗಬಾರದು, ರೋಗಿಯ ಬಳಿಯದು ಮನೆಯ ಮಗುವಿನ ಬಳಿಗೆ ಬರಬಾರದು. ಇದು ಸಾಮಾನ್ಯ ತಿಳಿವಳಿಕೆಯೂ ಹೌದು.

ಆದರೆ ಬಟ್ಟೆ ಬದಲಾಯಿಸಿ ಹೊರಡಿ ಎಂದು ಹೇಳುವವರು ಬದಲಾಯಿಸಲು ಸುರಕ್ಷಿತವಾದ ಜಾಗವನ್ನೂ ಕೊಡಬೇಕಲ್ಲವೆ? ಉತ್ತರ ಕನ್ನಡ ಜಿಲ್ಲೆಯ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು ಅರುಣಾ ಶಾನಭಾಗ. 1973ರ ನವೆಂಬರ್ 27ರಂದು ಕೆಲಸ ಮುಗಿಸಿ, ಮನೆಗೆ ಹೊರಡುವ ಮೊದಲು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಸಮವಸ್ತ್ರ ಬದಲಾಯಿಸುವಾಗ ಅದೇ ಆಸ್ಪತ್ರೆಯ ನೌಕರನೊಬ್ಬ ಅವರ ಮೇಲೆ ಕ್ರೂರವಾಗಿ ಆಕ್ರಮಣ ಮಾಡಿದ. ಮಿದುಳಿಗೆ ಆದ ಪೆಟ್ಟಿನಿಂದ ಅವರು ಮತ್ತೆಂದೂ ಚೇತರಿಸಿಕೊಳ್ಳಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ, ಸುಮಾರು 42 ವರ್ಷ, ಆ ಆಸ್ಪತ್ರೆಯ ದಾದಿಯರು ತಲೆಮಾರಿನಿಂದ ತಲೆಮಾರಿಗೆ ಸರದಿಯ ಮೇಲೆ ಅವರ ಆರೈಕೆ ಮಾಡಿದರು. ಬೀಗ ಹಾಕಬಹುದಾದ, ಬೆಳಕಿರುವ ಒಂದು ಕೊಠಡಿ ಎಷ್ಟು ದೊಡ್ಡ ಸಂಗತಿ ಎಂಬುದನ್ನು ಈ ಒಂದು ಪ್ರಕರಣ ಸಾಕಷ್ಟು ಹೇಳುತ್ತದೆ. ಆದ್ದರಿಂದ ಉಡುಪಿನ ವಿಷಯದಲ್ಲಿ ತೀರ್ಮಾನ ಹೀಗಿರಲಿ: ಸಮವಸ್ತ್ರ ಆಸ್ಪತ್ರೆಯಲ್ಲೇ ಉಳಿಯಲಿ, ಅದಕ್ಕೆ ಬೇಕಾದ ಕೊಠಡಿಯನ್ನು ಒದಗಿಸುವ ಹೊಣೆ ಆಸ್ಪತ್ರೆಯದಾಗಲಿ. ಕೊಠಡಿ ಕೊಡದೆ, ಬೀದಿಯಲ್ಲಿ ಸಮವಸ್ತ್ರ ಕಂಡಿತೆಂದು ದಾದಿಯನ್ನು ಆಕ್ಷೇಪಿಸುವುದು ನ್ಯಾಯವಲ್ಲ.

ಎರಡನೆಯದು ಚಿಹ್ನೆ. ಸ್ಕೂಟರಿನ ಮೇಲೆ, ಕಾರಿನ ಗಾಜಿನ ಮೇಲೆ ಬಿಳಿಯ ನೆಲದಲ್ಲಿ ಕೆಂಪು ಶಿಲುಬೆಯ ಗುರುತನ್ನು ಅಂಟಿಸಿಕೊಂಡಿರುವುದನ್ನು ನೀವು ನೋಡಿರುತ್ತೀರಿ. ವೈದ್ಯಕೀಯಕ್ಕೆ ಸಂಬಂಧಿಸಿದವರೆಲ್ಲರಿಗೂ ಅದನ್ನು ಬಳಸುವ ಹಕ್ಕಿದೆಯೆಂದು ಅನೇಕರು ಭಾವಿಸಿದ್ದಾರೆ. ವಾಸ್ತವದಲ್ಲಿ ಹಾಗಿಲ್ಲ. 1864ರ ಜಿನೀವಾ ಒಪ್ಪಂದದಲ್ಲಿ, ಸ್ವಿಟ್ಜರ್‌ಲೆಂಡಿನ ಧ್ವಜದ ಬಣ್ಣಗಳನ್ನು ಅದಲುಬದಲು ಮಾಡಿ ಆರಿಸಿಕೊಂಡ ಗುರುತು ಅದು. ಯುದ್ಧಭೂಮಿಯಲ್ಲಿ ಗಾಯಗೊಂಡವರ ಸೇವೆಯಲ್ಲಿರುವವರ ಮೇಲೆ ಗುಂಡು ಹಾರಿಸಬಾರದೆಂಬುದು ಅದರ ಅರ್ಥ. ನಮ್ಮ ದೇಶದ 1960ರ ಜಿನೀವಾ ಒಪ್ಪಂದಗಳ ಅಧಿನಿಯಮದ ಪ್ರಕಾರ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಆ ಚಿಹ್ನೆಯನ್ನು ಬಳಸುವಂತಿಲ್ಲ. ಬಳಸಿದರೆ ಐನೂರು ರೂಪಾಯಿಗಳವರೆಗೆ ದಂಡ ವಿಧಿಸಬಹುದು. ದಂಡದ ಮೊತ್ತ ಸಣ್ಣದಿರಬಹುದು, ಕಾರಣ ಸಣ್ಣದಲ್ಲ. ಕಂಡಕಂಡಲ್ಲಿ ಅಂಟಿಸಿದ ಗುರುತಿಗೆ, ನಿಜವಾಗಿ ಬೇಕಾದ ದಿನ ಯಾರು ಬೆಲೆ ಕೊಡುತ್ತಾರೆ?

ಚಿಹ್ನೆಯ ಇನ್ನೊಂದು ರೂಪ ಮನೆಯ ಮುಂದಿನ ಬೋರ್ಡು. ಹಳ್ಳಿಯಲ್ಲಿ ಬೋರ್ಡು ಇಲ್ಲದಿದ್ದರೂ ರಾತ್ರಿ ಹತ್ತು ಗಂಟೆಗೆ ಬಾಗಿಲು ತಟ್ಟುವವರಿಗೆ ಕೊರತೆಯಿಲ್ಲ. "ನರ್ಸಮ್ಮ, ಮಗೀಗೆ ಜ್ವರ, ಒಂದು ಸೂಜಿ ಹಾಕ್ಬುಡವ್ವ" ಎನ್ನುವ ಅಜ್ಜಿಯ ಮಾತಿನಲ್ಲಿ ಇರುವುದು ನಂಬಿಕೆ. ಆದರೆ ಯಾವ ಔಷಧಿ, ಎಷ್ಟು ಪ್ರಮಾಣ ಎಂದು ನಿರ್ಧರಿಸುವುದು ವೈದ್ಯರ ಕೆಲಸ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಂತೆ, ನೋಂದಣಿಯಿಲ್ಲದೆ ಮನೆಯನ್ನು ಚಿಕಿತ್ಸಾಲಯ ಮಾಡಿಕೊಳ್ಳುವಂತೆಯೂ ಇಲ್ಲ. ಜ್ವರ ಎಷ್ಟಿದೆ ಎಂದು ನೋಡಿ, ಒದ್ದೆ ಬಟ್ಟೆಯಿಂದ ಮೈ ಒರೆಸಲು ಹೇಳಿ, ಮಗು ಮಂಕಾಗಿದ್ದರೆ 108ಕ್ಕೆ ಕರೆ ಮಾಡಿಸಿ ಆಸ್ಪತ್ರೆಗೆ ಕಳುಹಿಸುವ ದಾದಿ ತನ್ನ ಕರ್ತವ್ಯವನ್ನು ಪೂರ್ತಿಯಾಗಿ ಮಾಡಿದಂತೆಯೇ. ಸೂಜಿ ಹಾಕಲಿಲ್ಲವೆಂದು ಮುನಿಸಿಕೊಳ್ಳುವುದು ನಮ್ಮ ತಪ್ಪು.

ಮೂರನೆಯದು ಮಾತು. ಇದೇ ಎಲ್ಲಕ್ಕಿಂತ ಮುಖ್ಯವಾದದ್ದು. 2023ರ ಮೇ 29ರಂದು ತಿ. ನರಸೀಪುರದ ಬಳಿ ಕುರುಬೂರಿನ ಹತ್ತಿರ ಕಾರು ಮತ್ತು ಬಸ್ಸು ಡಿಕ್ಕಿಯಾಗಿ ಹತ್ತು ಮಂದಿ ಪ್ರಾಣ ಕಳೆದುಕೊಂಡದ್ದು ನಿಮಗೆ ನೆನಪಿರಬಹುದು. ಇಂಥ ರಸ್ತೆಯಲ್ಲಿ ಒಂದು ಅಪಘಾತವಾದಾಗ, ಹಿಂದಿನ ಬಸ್ಸಿನಲ್ಲಿ ಒಬ್ಬ ದಾದಿ ಇದ್ದಾರೆ ಎಂದಿಟ್ಟುಕೊಳ್ಳಿ. ಜನ ಸುತ್ತ ನಿಂತಿದ್ದಾರೆ. ಒಬ್ಬರು ಗಾಯಾಳುವಿನ ಬಾಯಿಗೆ ನೀರು ಹಾಕಲು ಹೊರಟಿದ್ದಾರೆ, ಇನ್ನೊಬ್ಬರು ತೋಳು ಹಿಡಿದು ಎಬ್ಬಿಸಲು ನೋಡುತ್ತಿದ್ದಾರೆ. ಆಗ "ನಾನು ನರ್ಸು, ಸ್ವಲ್ಪ ದಾರಿ ಬಿಡಿ" ಎಂಬ ಒಂದು ಮಾತು ಎಷ್ಟು ಕೆಲಸ ಮಾಡುತ್ತದೆ, ನೋಡಿ. ಕುತ್ತಿಗೆ ಅಲುಗಾಡದಂತೆ ಹಿಡಿಯುವುದು, ರಕ್ತ ಸುರಿಯುವ ಜಾಗವನ್ನು ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿಯುವುದು, ಉಸಿರಾಟ ಇದೆಯೇ ಎಂದು ಗಮನಿಸುವುದು ಇವೆಲ್ಲ ಆ ಮಾತಿನ ಹಿಂದೆ ಬರುತ್ತವೆ. ಇಲ್ಲಿ ವೃತ್ತಿಯನ್ನು ಹೇಳಿಕೊಳ್ಳುವುದು ಪ್ರದರ್ಶನವಲ್ಲ. ಅದು ಸೇವೆಯ ಮೊದಲ ಹೆಜ್ಜೆ.

ಸಹಾಯ ಮಾಡಿದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತು ಎಂಬ ಭಯ ಹಿಂದೆ ಇತ್ತು. ಗಾಯಾಳುಗಳಿಗೆ ನೆರವಾದವರನ್ನು ರಕ್ಷಿಸಲು ಕರ್ನಾಟಕ 2016ರಲ್ಲಿಯೇ ಪ್ರತ್ಯೇಕ ಕಾನೂನನ್ನು ಅಂಗೀಕರಿಸಿತು; 2018ರಲ್ಲಿ ಅದಕ್ಕೆ ರಾಷ್ಟ್ರಪತಿಯವರ ಅಂಕಿತ ದೊರೆಯಿತು. 2019ರಲ್ಲಿ ಕೇಂದ್ರದ ಮೋಟಾರು ವಾಹನ ಅಧಿನಿಯಮಕ್ಕೂ ಇಂಥ ತಿದ್ದುಪಡಿ ಬಂತು. ಅದರನ್ವಯ 2020ರಲ್ಲಿ ಬಂದ ನಿಯಮಗಳಲ್ಲಿ ಒಂದು ಮಾತಿದೆ: ನೆರವಾದವರನ್ನು ಹೆಸರು, ವಿಳಾಸ ಹೇಳುವಂತೆ ಯಾರೂ ಬಲವಂತ ಮಾಡುವಂತಿಲ್ಲ, ತಾವಾಗಿಯೇ ಹೇಳಬಯಸಿದರೆ ಹೇಳಬಹುದು. ಗಮನಿಸಿ. ಸೇವೆ ಮಾಡಿದ ಮೇಲೂ ಗುರುತು ಹೇಳುವುದು, ಬಿಡುವುದು ಆ ವ್ಯಕ್ತಿಯ ಇಷ್ಟಕ್ಕೆ ಸೇರಿದ್ದೆಂದು ಕಾನೂನೇ ಒಪ್ಪಿಕೊಂಡಿದೆ. ನಮ್ಮ ಇಂದಿನ ಪ್ರಶ್ನೆಗೆ ಉತ್ತರದ ಬೀಜ ಇಲ್ಲಿಯೇ ಇದೆ.

ಏಕೆಂದರೆ ಇಷ್ಟದಿಂದ ಹೇಳದಿರುವುದು ಬೇರೆ, ಹೆದರಿ ಮುಚ್ಚಿಡುವುದು ಬೇರೆ. 2020ನ್ನು ನೆನಪಿಸಿಕೊಳ್ಳಿ. ಆ ಮಾರ್ಚಿಯಲ್ಲಿ ನಂಜನಗೂಡಿನ ಒಂದು ಔಷಧ ಕಾರ್ಖಾನೆಯ ನೌಕರರಲ್ಲಿ ಕೋವಿಡ್ ಸೋಂಕು ಕಾಣಿಸಿಕೊಂಡು, ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು. ಮಾರ್ಚ್ 22ರ ಸಂಜೆ ಐದು ಗಂಟೆಗೆ ದೇಶದ ಜನ ಚಪ್ಪಾಳೆ ತಟ್ಟಿ, ಜಾಗಟೆ ಬಾರಿಸಿ ಆರೋಗ್ಯ ಸಿಬ್ಬಂದಿಯನ್ನು ಗೌರವಿಸಿದರು. ಎರಡೇ ದಿನ ಕಳೆದು, ಮಾರ್ಚ್ 24ರಂದು, ದೆಹಲಿಯ ಏಮ್ಸ್ ಆಸ್ಪತ್ರೆಯ ನಿವಾಸಿ ವೈದ್ಯರ ಸಂಘ ಗೃಹಮಂತ್ರಿಗಳಿಗೆ ಪತ್ರ ಬರೆಯಬೇಕಾಯಿತು: ಆರೋಗ್ಯ ಸಿಬ್ಬಂದಿಯನ್ನು ಮನೆ ಮಾಲೀಕರು ಬಾಡಿಗೆ ಮನೆಗಳಿಂದ ಹೊರಹಾಕುತ್ತಿದ್ದಾರೆ ಎಂದು. ಚಪ್ಪಾಳೆ ತಟ್ಟಿದ ಸಮಾಜವೇ ಬಾಗಿಲು ಮುಚ್ಚಿತ್ತು. ದೇಶದ ಹಲವೆಡೆ ಆರೋಗ್ಯ ಸಿಬ್ಬಂದಿಯ ಮೇಲೆ ಹಲ್ಲೆಗಳೂ ನಡೆದವು. ಆಗ ಕೇಂದ್ರ ಸರ್ಕಾರ ಏಪ್ರಿಲ್ 22ರಂದು ಸಾಂಕ್ರಾಮಿಕ ರೋಗಗಳ ಹಳೆಯ ಅಧಿನಿಯಮಕ್ಕೆ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ತಂದಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅದು ಕಾನೂನಾಯಿತು. ಸಾಂಕ್ರಾಮಿಕದ ಕಾಲದಲ್ಲಿ ಆರೋಗ್ಯ ಸಿಬ್ಬಂದಿಯ ಮೇಲೆ ಹಿಂಸೆ ನಡೆಸಿದವರಿಗೆ ಮೂರು ತಿಂಗಳಿಂದ ಐದು ವರ್ಷಗಳವರೆಗೆ ಸೆರೆಮನೆ ಮತ್ತು 50,000 ರೂಪಾಯಿಗಳಿಂದ ಎರಡು ಲಕ್ಷದವರೆಗೆ ದಂಡ. ತೀವ್ರವಾಗಿ ಗಾಯಗೊಳಿಸಿದರೆ ಏಳು ವರ್ಷಗಳವರೆಗೆ ಸೆರೆಮನೆ. ಹೊಡೆತ ಮಾತ್ರವಲ್ಲ, ಅವರು ವಾಸಿಸುವುದಕ್ಕೂ ಕೆಲಸ ಮಾಡುವುದಕ್ಕೂ ಅಡ್ಡಿಯಾಗುವಂಥ ಕಿರುಕುಳವನ್ನೂ ಆ ಕಾನೂನು ಹಿಂಸೆಯೆಂದೇ ಕರೆಯುತ್ತದೆ.

ಹಾಗಾದರೆ ತೊಂದರೆ ತಪ್ಪಿಸಿಕೊಳ್ಳಲು ವೃತ್ತಿಯನ್ನು ಮುಚ್ಚಿಡುವುದೇ ಜಾಣತನವೆ? ಅಲ್ಲ. ಒಂದು ಕಾಲದಲ್ಲಿ ನಮ್ಮ ನಾಡಿನ ಅನೇಕ ಮನೆಗಳು ಮಗಳನ್ನು ಈ ವೃತ್ತಿಗೆ ಕಳುಹಿಸಲು ಹಿಂಜರಿಯುತ್ತಿದ್ದವು. ರಾತ್ರಿ ಪಾಳಿ, ಪರಪುರುಷರ ಆರೈಕೆ, ಮೈಲಿಗೆ ಎಂಬ ಮಾತುಗಳು ಅಡ್ಡಿಯಾಗಿದ್ದವು. 1906ರಲ್ಲಿ ಆರಂಭವಾಗಿ, ಇಂದಿಗೂ ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ ಎನಿಸಿಕೊಂಡಿರುವ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಂಥ ಕಡೆಗಳಲ್ಲಿ ಕೆಲಸ ಕಲಿತು ಧೈರ್ಯವಾಗಿ "ನಾನು ನರ್ಸು" ಎಂದು ಹೇಳಿಕೊಂಡ ಹೆಣ್ಣುಮಕ್ಕಳಿಂದಲೇ ಆ ಹಿಂಜರಿಕೆ ಕರಗಿತು. ಹೆಮ್ಮೆಯಿಂದ ಹೇಳಿಕೊಂಡ ಒಂದು ಮಾತು ಮುಂದಿನವರಿಗೆ ದಾರಿಯಾಗುತ್ತದೆ.

ಗುರುತು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಇನ್ನೊಂದು ನಿದರ್ಶನ. ಪಾವಗಡ ತಾಲ್ಲೂಕಿನ ನರಸಮ್ಮನವರು ಆಸ್ಪತ್ರೆಯ ದಾದಿಯಲ್ಲ, ಸಾಂಪ್ರದಾಯಿಕ ಸೂಲಗಿತ್ತಿ. ಯಾವ ಸಮವಸ್ತ್ರವೂ ಬ್ಯಾಡ್ಜೂ ಅವರಿಗೆ ಇರಲಿಲ್ಲ. ಸಾವಿರಾರು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಾಗ ದೇಶ ಅವರನ್ನು ಕರೆದದ್ದು ಸೂಲಗಿತ್ತಿ ನರಸಮ್ಮ ಎಂದೇ. ವೃತ್ತಿಯೇ ಹೆಸರಿನ ಮುಂದೆ ಬಂದು ನಿಂತಿತು. ಅದನ್ನು ಅವರು ತೊಟ್ಟುಕೊಂಡದ್ದಲ್ಲ, ಜನ ಪ್ರೀತಿಯಿಂದ ತೊಡಿಸಿದ್ದು.

ಈಗ ಎಲ್ಲವನ್ನೂ ಕೂಡಿಸಿ ನೋಡೋಣ. ಕರ್ತವ್ಯದಲ್ಲಿರುವಾಗ ದಾದಿಯ ಎದೆಯ ಮೇಲೆ ಹೆಸರಿನ ಪಟ್ಟಿ ಸ್ಪಷ್ಟವಾಗಿರಬೇಕು. ತನಗೆ ಸೂಜಿ ಹಾಕುತ್ತಿರುವವರು ಯಾರೆಂದು ತಿಳಿಯುವುದು ರೋಗಿಯ ಹಕ್ಕು. ಕರ್ತವ್ಯ ಮುಗಿದ ಮೇಲೆ ಆ ಹಕ್ಕು ಮುಗಿಯುತ್ತದೆ. ಅಲ್ಲಿಂದ ಮುಂದೆ ಗುರುತು ದಾದಿಯ ಸ್ವಂತದ್ದು. ಜೀವ ಅಪಾಯದಲ್ಲಿರುವಾಗ ಅವರು ಅದನ್ನು ತಾವಾಗಿ ಹೇಳಲಿ. ಉಳಿದ ಹೊತ್ತಿನಲ್ಲಿ ಹೇಳುವುದೋ ಸುಮ್ಮನಿರುವುದೋ ಅವರಿಗೆ ಬಿಟ್ಟದ್ದು. ತೋರಿಸಿಕೊಳ್ಳಬೇಕೆಂದು ಒತ್ತಾಯಿಸುವುದೂ, ಮುಚ್ಚಿಡುವಂತೆ ಹೆದರಿಸುವುದೂ ಒಂದೇ ಅನ್ಯಾಯದ ಎರಡು ಮುಖಗಳು.

ಕಡೆಯದಾಗಿ, ಮಿತ್ರರೇ, ಈ ಪ್ರಶ್ನೆಯಲ್ಲಿ ನಿಮ್ಮ ಪಾಲೂ ಇದೆ. ದಾದಿಯೊಬ್ಬರು ನಿಮ್ಮ ಬೀದಿಗೆ ಬಾಡಿಗೆಗೆ ಬಂದರೆ, "ಆಸ್ಪತ್ರೆಯಲ್ಲಿ ಕೆಲಸವಂತೆ" ಎಂದು ಹಿರಿಯರು ಪಿಸುಗುಟ್ಟಿದಾಗ, ನೀವು ಓದಿದವರು, ತಿಳಿಸಿ ಹೇಳಿ. ಅವರು ರಾತ್ರಿ ಪಾಳಿ ಮುಗಿಸಿ ಹಗಲು ಮಲಗಿದ್ದರೆ, ಬಾಗಿಲು ತಟ್ಟುವ ಮೊದಲು ಆಸ್ಪತ್ರೆ ತೆರೆದಿದೆಯೇ ಎಂದು ಯೋಚಿಸಿ. ನಿಮ್ಮ ತರಗತಿಯಲ್ಲಿ ಒಬ್ಬಳು, ಒಬ್ಬ, ತಾನು ನರ್ಸಿಂಗ್ ಓದುತ್ತೇನೆಂದರೆ ನಗಬೇಡಿ. ತನ್ನ ವೃತ್ತಿಯ ಹೆಸರನ್ನು ದಾದಿ ಯಾವ ಊರಿನಲ್ಲಿಯೂ ಅಳುಕಿಲ್ಲದೆ ಹೇಳಬಲ್ಲ ದಿನ, ಅದನ್ನು ತೋರಿಸಬೇಕೆ ಬೇಡವೆ ಎಂಬ ಚರ್ಚೆಗೆ ಅಷ್ಟು ಅವಶ್ಯಕತೆ ಉಳಿಯುವುದಿಲ್ಲ. ಆ ದಿನವನ್ನು ಹತ್ತಿರ ತರುವುದು ದಾದಿಯರಿಗಿಂತ ಹೆಚ್ಚಾಗಿ ನಮ್ಮ ಕೆಲಸ.