ಮೂವರ ಮಾತು, ಒಬ್ಬರ ಹೊಣೆ

ನಾಳೆ ಈರುಳ್ಳಿ ಧಾರಣೆ ಏರಲಿದೆ ಎಂದು ಹುಬ್ಬಳ್ಳಿಯ ದುರ್ಗದಬೈಲ್ ಪೇಟೆಯಲ್ಲಿ ಸುದ್ದಿ ಹಬ್ಬಿತೆನ್ನಿ. ಪಳಗಿದ ವ್ಯಾಪಾರಿ ಒಬ್ಬನ ಮಾತು ನಂಬಿ ಗಂಟು ಬಿಚ್ಚುವುದಿಲ್ಲ. ಲಾರಿ ಚಾಲಕ, ದಲಾಲಿ, ರೈತ ಈ ಮೂವರನ್ನೂ ಬೇರೆ ಬೇರೆಯಾಗಿ ವಿಚಾರಿಸುತ್ತಾನೆ. ಮೂವರೂ ಒಂದೇ ಚಹಾದಂಗಡಿಯಲ್ಲಿ ಕೇಳಿದ್ದನ್ನೇ ಹೇಳಿದರೆ ಅದು ಮೂರು ಸಾಕ್ಷಿಯಲ್ಲ, ಒಂದೇ ಸಾಕ್ಷಿ.

ರಾಜ್ಯಭಾರದ ಗುಟ್ಟೂ ಇದೇ. ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ತಾಳೆಗರಿಯ ಪ್ರತಿಯಿಂದ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ ಇದನ್ನು ನಿಯಮವಾಗಿಯೇ ಹೇಳುತ್ತದೆ. ಗೂಢಚಾರರಿಗೆ ಒಬ್ಬರ ಪರಿಚಯ ಇನ್ನೊಬ್ಬರಿಗೆ ಇರಕೂಡದು. ಮೂವರ ವರದಿ ಒಂದಾದರೆ ನಂಬಬೇಕು. ಮತ್ತೆ ಮತ್ತೆ ತಾಳೆಯಾಗದಿದ್ದರೆ ಅಂಥವರನ್ನು ಸದ್ದಿಲ್ಲದೆ ದಂಡಿಸಬೇಕು, ಇಲ್ಲವೇ ಕೆಲಸದಿಂದ ತೆಗೆಯಬೇಕು. ನೋಡುವ ಕಣ್ಣುಗಳು ಹಲವು. ಕಂಡದ್ದನ್ನು ಕೂಡಿಸುವ ಜಾಗ ಒಂದೇ.

ಸ್ವತಂತ್ರ ಭಾರತದಲ್ಲಿ ಕಣ್ಣುಗಳಿಗೆ ಕೊರತೆಯಾಗಲಿಲ್ಲ. 1887ರಷ್ಟು ಹಳೆಯ ಬೇರುಳ್ಳ ಇಂಟೆಲಿಜೆನ್ಸ್ ಬ್ಯೂರೋ ಮೊದಲು ದೇಶದ ಒಳಗನ್ನೂ ಹೊರಗನ್ನೂ ತಾನೇ ನೋಡುತ್ತಿತ್ತು. 1962 ಮತ್ತು 1965ರ ಯುದ್ಧಗಳು ಕಲಿಸಿದ ಪಾಠದಿಂದ 1968ರಲ್ಲಿ ಆರ್.ಎನ್. ಕಾವ್ ನೇತೃತ್ವದಲ್ಲಿ ‘ರಾ’ ಬೇರೆಯಾಯಿತು. ಸೇನೆಗೆ ತನ್ನದೇ ಬೇಹುಗಾರಿಕೆ ವಿಭಾಗವಿತ್ತು. ಹಿಂದುಳಿದದ್ದು ಕೂಡಿಸುವ ಕೆಲಸ.

ಅದರ ಬೆಲೆ 1999ರಲ್ಲಿ ಕಾರ್ಗಿಲ್‌ನಲ್ಲಿ ತಿಳಿಯಿತು. ಆ ಯುದ್ಧದಲ್ಲಿ 527 ಭಾರತೀಯ ಯೋಧರು ಪ್ರಾಣ ತೆತ್ತರು. ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯ ಪರಿಶೀಲನಾ ಸಮಿತಿಯು ಬೇಹುಗಾರಿಕೆಯ ಲೋಪದ ಜೊತೆಗೆ, ಬಿಡಿ ಸುಳಿವುಗಳನ್ನು ಒಟ್ಟುಗೂಡಿಸಿ ಅರ್ಥೈಸುವ ವ್ಯವಸ್ಥೆಯ ದೌರ್ಬಲ್ಯವನ್ನೂ ಎತ್ತಿ ತೋರಿಸಿತು. ಬಳಿಕ 2001ರಲ್ಲಿ, ಸಂಸ್ಥೆಗಳು ಮಾಹಿತಿ ಹಂಚಿಕೊಳ್ಳಲೆಂದು ‘ಮಲ್ಟಿ ಏಜೆನ್ಸಿ ಸೆಂಟರ್’ ಹುಟ್ಟಿತು. ಆದರೂ 2008ರ ನವೆಂಬರ್ 26ರಂದು ಮುಂಬೈ ಮೇಲೆ ಕಡಲಿನಿಂದ ದಾಳಿ ನಡೆಯಿತು. ಎಚ್ಚರಿಕೆಗಳು ಮೊದಲೇ ಬಂದಿದ್ದವು. ಕೇಂದ್ರ ತೆರೆದ ಮಾತ್ರಕ್ಕೆ ಸಂಸ್ಥೆಗಳ ನಡುವಿನ ಗೋಡೆ ಬೀಳುವುದಿಲ್ಲ.

ಹಾಗಾದರೆ ನಾಯಕನ ಕೆಲಸವೇನು? 1998ರಲ್ಲಿ ರಾಷ್ಟ್ರೀಯ ಭದ್ರತಾ ಸಲಹೆಗಾರರ ಹುದ್ದೆ ಬಂತು. ಮೇಲೆ ಕುಳಿತವರು ಎಲ್ಲರಿಂದಲೂ ಒಂದೇ ರಾಗ ಹಾಡಿಸಿದರೆ ಮತ್ತೆ ಚಹಾದಂಗಡಿಯ ಕಥೆಯೇ. ಅಪಸ್ವರವನ್ನೂ ಕೇಳಿಸಿಕೊಳ್ಳಬೇಕು, ಯಾವುದು ನಿಜವೆಂದು ತೂಗಬೇಕು, ತಪ್ಪಿದರೆ ಉತ್ತರ ಕೊಡಬೇಕು. ಈ ಕೊನೆಯದೇ ಕಷ್ಟ. ‘ರಾ’ ಆಗಲಿ, ಬ್ಯೂರೋ ಆಗಲಿ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದವಲ್ಲ. ಅವುಗಳ ಕೆಲಸವನ್ನು ಪರಿಶೀಲಿಸುವ ಸಂಸದೀಯ ಸಮಿತಿಯೂ ಇಲ್ಲ.

ಪೇಟೆಯ ವ್ಯಾಪಾರಿ ತಪ್ಪು ಸುದ್ದಿ ನಂಬಿದರೆ ತನ್ನ ಬಂಡವಾಳ ಕಳೆದುಕೊಳ್ಳುತ್ತಾನೆ. ದೇಶದ ಲೆಕ್ಕ ತಪ್ಪಿದಾಗ ನಷ್ಟ ತುಂಬುವವರು ಗಡಿಯ ಸೈನಿಕರು, ರೈಲು ನಿಲ್ದಾಣದಲ್ಲಿ ನಿಂತ ಪ್ರಯಾಣಿಕರು.