ಪಟ್ಣದಲ್ಲಿ ಫ್ರೆಂಚರನ್ನ ಹುಡುಕ್ಕೊಂಡು

ನಮ್ಮೂರು ಬೆಸಗರಹಳ್ಳಿ. ಕತೆಗಾರ ಬೆಸಗರಹಳ್ಳಿ ರಾಮಣ್ಣನವರ ಊರು ಅಂದ್ರೆ ಬೇಗ ಗೊತ್ತಾಗುತ್ತೆ.

ಈ ಸಲ ಮದುವೆ ದಿನಕ್ಕೆ ಫ್ರಾನ್ಸ್ ತೋರಿಸ್ತೀನಿ ಅಂದಿದ್ರು ನಮ್ಮ ಯಜಮಾನ್ರು. ಬೆಳಿಗ್ಗೆ ನೋಡಿದ್ರೆ ಮದ್ದೂರಿಗೆ ಬಸ್ಸು, ಅಲ್ಲಿಂದ ಮೈಸೂರು ಕಡೆ ರೈಲು! "ರೀ, ಫ್ರಾನ್ಸಿಗೆ ಪ್ಯಾಸೆಂಜರ್ ಗಾಡೀಲಾ?" ಅಂದೆ. "ಸುಮ್ಕಿರಮ್ಮಿ, ಪಾಂಡವಪುರ ಬರ್ಲಿ" ಅಂದ್ರು.

ಪೂರ್ತಿ ಸುಳ್ಳಲ್ಲ ಕಣ್ರೀ. ಪಾಂಡವಪುರದ ಹಳೇ ಹೆಸರು ಹಿರೋಡೆ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಪಡೆ ಅಲ್ಲಿ ಬೀಡುಬಿಟ್ಟಿತ್ತು ಅಂತ ಬ್ರಿಟಿಷರ ಬಾಯಲ್ಲಿ ಫ್ರೆಂಚ್ ರಾಕ್ಸ್ ಆಯ್ತು. ಸ್ಟೇಷನ್ನಿಗೂ ಅದೇ ಹೆಸರಿತ್ತು. ಪಕ್ಕದಲ್ಲೇ ಕುಂತಿಬೆಟ್ಟ. ಕೊನೆಗೆ ಗೆದ್ದಿದ್ದು ಕುಂತಿ ಮಕ್ಕಳೇ ಅನ್ನಿ.

ನಾವಿಳಿದಿದ್ದು ಮುಂದಿನ ಸ್ಟೇಷನ್, ಪಟ್ಣದಲ್ಲಿ, ಅಂದ್ರೆ ಶ್ರೀರಂಗಪಟ್ಟಣದಲ್ಲಿ. ರಂಗನಾಥಸ್ವಾಮಿಗೆ ಕೈಮುಗಿದು ನೇರ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್. ಪಡುಗೋಡೆ ಮೇಲೆ ಹೈದರ್, ಟಿಪ್ಪು ಇಂಗ್ಲಿಷರನ್ನ ಸೋಲಿಸಿದ ಪೊಳ್ಳಿಲೂರು ಯುದ್ಧದ ಚಿತ್ರ, 1780ರದ್ದು. ಮದ್ದಿನ ಬಂಡಿ ಸಿಡೀತಿದೆ, ಗಾಯಗೊಂಡ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಕೂತವ್ನೆ. ಅವನನ್ನ ಎಲ್ಲರೂ ತೋರಿಸ್ತಾರೆ. ನಾನು ನಿಂತಿದ್ದು ಇನ್ನೊಬ್ಬನ ಮುಂದೆ: ದೂರದರ್ಶಕ ಹಿಡ್ಕೊಂಡಿರೋ ಮೀಸೆ ಫ್ರೆಂಚವ, ಲಾಲಿ. ಸುತ್ತಮುತ್ತ ತಲೆ ಉರುಳ್ತಿದ್ರೆ ಇವನು ಜಾತ್ರೆ ತೇರು ನೋಡೋ ಹಂಗೆ ನೋಡ್ತಾವ್ನೆ!

ತಡೀರಿ, ಲಾಲಿ ಅಂದ್ನಲ್ಲ, ಅದನ್ನ ಬಿಡಿಸಿ ಹೇಳ್ಬೇಕು. ವಾಂಡಿವಾಶ್‌ನಲ್ಲಿ ಸೋತ ಲಾಲಿ ಬೇರೆ. ಅವನ ತಲೆಯನ್ನ 1766ರಲ್ಲೇ ಪ್ಯಾರಿಸ್ಸಲ್ಲಿ ತೆಗೆದಿದ್ರು. ಈ ಗೋಡೆಯವನು ಹೈದರನ ನೌಕರಿಯಲ್ಲಿದ್ದ ಲಾಲೆ. ಇನ್ನೊಂದು ಮಾತು, ನಾವೀಗ ನೋಡೋದು ಮೊದಲ ಕೈ ಬಣ್ಣ ಅಲ್ಲ. 1799ರಲ್ಲಿ ಪಟ್ಣ ಬ್ರಿಟಿಷರ ಕೈಗೆ ಬಿದ್ದ ಮೇಲೆ ಇಲ್ಲಿ ವಾಸ ಇದ್ದ ಅವರ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ದುರಸ್ತಿ ಮಾಡಿಸ್ದ, ಆಮೇಲೆ ಡಾಲ್‌ಹೌಸಿ ಮತ್ತೆ ಬರೆಸ್ದ. ತಮ್ಮ ಸೋಲಿನ ಚಿತ್ರಕ್ಕೆ ತಾವೇ ಕಾಸು ಹಾಕಿದ್ದಾರೆ, ಮೆಚ್ಚಬೇಕು.

ಜಗಳ ಶುರುವಾಗಿದ್ದು ಇಲ್ಲೇ. "ಟಿಪ್ಪುನೇ ಫ್ರೆಂಚ್ ಕ್ರಾಂತಿಕಾರರ ಜಾಕೊಬಿನ್ ಕ್ಲಬ್ಬಿನ ಮೆಂಬರ್ರು, ನಾಗರಿಕ ಟಿಪ್ಪು ಅಂತ ಹೆಸರು ಬರೆಸಿದ್ದ" ಅಂದ್ರು ಇವರು. ಆ ಕತೆ ಹಿಂಗೆ: ರಿಪೋ ಅನ್ನೋ ಹಡಗುಗಳ್ಳ 1797ರಲ್ಲಿ ಮಂಗಳೂರಿಗೆ ಬಂದ, ಮಾರಿಷಸ್‌ನ ರಾಯಭಾರಿ ಅಂತ ಹೇಳ್ಕೊಂಡ. ಆ ಮೇ ತಿಂಗಳು ಪಟ್ಣದಲ್ಲಿ ಫ್ರೆಂಚರು ಕ್ಲಬ್ ಕಟ್ಟಿ, ಬಾವುಟ ಏರಿಸಿ, ಸ್ವಾತಂತ್ರ್ಯದ ಮರ ನೆಟ್ರಂತೆ. ಲೋಕದ ರಾಜರಿಗೆಲ್ಲ ಧಿಕ್ಕಾರ, ಟಿಪ್ಪು ಒಬ್ಬನನ್ನ ಬಿಟ್ಟು ಅಂತ ಆಣೆ ಇಟ್ರಂತೆ. ಸಂಬಳ ಕೊಡೋ ದಣಿಗೆ ಧಿಕ್ಕಾರ ಕೂಗೋಕಾಗುತ್ತಾ?

ನನ್ನ ತಕರಾರು ಕೇಳಿ. ಕ್ಲಬ್ಬಿನ ಸದಸ್ಯರ ಪಟ್ಟಿಯಲ್ಲಿರೋ ಐವತ್ತೊಂಬತ್ತು ಜನವೂ ಫ್ರೆಂಚರೇ. ಪ್ಯಾರಿಸ್ಸಿನ ಜಾಕೊಬಿನ್ ಕ್ಲಬ್ಬಿಗೆ 1794ರಲ್ಲೇ ಬೀಗ ಬಿದ್ದಿತ್ತು. ಕ್ಲಬ್ಬಿನ ಈ ಕಾಗದಪತ್ರ ಅಚ್ಚು ಹಾಕಿಸಿದ್ದು ಯಾರು? ಪಟ್ಣ ಬಿದ್ದ ಮೇಲೆ, ಈಸ್ಟ್ ಇಂಡಿಯಾ ಕಂಪನಿಯವರು. ಯುದ್ಧ ಮಾಡಿದ್ದು ಸರಿ ಅಂತ ತೋರಿಸೋಕೆ ಅವರಿಗೆ ಇದು ಬೇಕೇ ಬೇಕಿತ್ತು. ಝಾನ್ ಬೂತಿಯೆ ಅನ್ನೋ ಫ್ರೆಂಚ್ ಇತಿಹಾಸಕಾರ ಈ ದಾಖಲೆಯನ್ನೇ ಅನುಮಾನಿಸಿದ್ದಾರೆ. ಟಿಪ್ಪು ಫ್ರೆಂಚರ ಸೈನ್ಯದ ಸಹಾಯ ಕೇಳಿ ಮಾರಿಷಸ್ಸಿಗೆ ಗುಟ್ಟಾಗಿ ದೂತರನ್ನ ಕಳಿಸಿದ್ದು ಮಾತ್ರ ನಿಜ. ಅಲ್ಲಿನ ಗವರ್ನರ್ ಮಲಾರ್ತಿಕ್ 1798ರಲ್ಲಿ ಡಂಗುರ ಹೊಡೆದು ಗುಟ್ಟು ರಟ್ಟು ಮಾಡ್ದ. ಸಹಾಯಕ್ಕೆ ಬಂದ ಜನ ನೂರರ ಆಸುಪಾಸು. ಆ ನೂರು ಜನಕ್ಕೆ ಒಂದು ರಾಜ್ಯ ತೆತ್ತಂಗಾಯ್ತು.

ಟಿಪ್ಪುವಿನ ಸಮಾಧಿ ಇರೋ ಗುಂಬಜ್ ನೀವೇ ನೋಡಿರ್ತೀರಿ, ಬಿಡಿ. ಅಲ್ಲೇ ಹತ್ರದ ಗಂಜಾಂನಲ್ಲಿ ಅಬ್ಬೆ ದ್ಯುಬ್ವಾನ ಚರ್ಚ್ ಇದೆ, ಅದನ್ನ ತಪ್ಪಿಸ್ಬೇಡಿ. ಪಟ್ಣ ಬಿದ್ದ ಮೇಲೆ ಬಂದ ಫ್ರೆಂಚ್ ಪಾದ್ರಿ. ಸಿಡುಬಿನ ಲಸಿಕೆ ಹಾಕಿಸ್ದ, ನಮ್ಮ ಆಚಾರ ವಿಚಾರದ ಮೇಲೆ ದಪ್ಪ ಪುಸ್ತಕ ಬರೆದ. ಅದರ ಹಸ್ತಪ್ರತಿ ಕೊಂಡವರೂ ಕಂಪನಿಯವರೇ.

ಸಂಜೆ ವಾಪಸ್ ಬರ್ತಾ ಪಾಂಡವಪುರದಲ್ಲಿ ಗಾಡಿ ನಿಂತ್ಕೊಳ್ತು. ಇವರು ಕಿಟಕಿಯಿಂದ ಬೋರ್ಡು ತೋರಿಸಿ, "ನೋಡಮ್ಮಿ, ಫ್ರಾನ್ಸು" ಅಂದ್ರು. ಮದ್ದೂರು ಬರೋವರೆಗೂ ಕ್ಲಬ್ಬಿನ ವಿಷಯ ಬಿಡ್ಲಿಲ್ಲ. ವಡೆ ನಾನೇ ಕೊಡಿಸ್ದೆ.